ಬಿಸಿಲಿಗೆ ಬೆಲೆ ಬಂದ ಮೇಲೆ

ಹಾಸ್ಟೆಲ್‌ನಲ್ಲಿ ಯಾರಾದರೂ ಊರು ಕೇಳಿದಾಗ ಪಾವಗಡ ಎಂದರೆ ಸಾಕು, "ಓ, ಸೋಲಾರ್ ಪಾರ್ಕಾ?" ಎನ್ನುತ್ತಾರೆ. ಮೊದಲು ನಮ್ಮ ತಾಲ್ಲೂಕಿಗೆ ಬರದ ಹೆಸರೊಂದೇ ಇತ್ತು. ಈಗ ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಫಲಕಗಳಿವೆ. ಒಟ್ಟು ಸಾಮರ್ಥ್ಯ 2,050 ಮೆಗಾವ್ಯಾಟ್. ರಾಯಚೂರಿನ ಶಾಖೋತ್ಪನ್ನ ಸ್ಥಾವರದ್ದು 1,720. ಆದರೆ ಅಲ್ಲಿ ರಾತ್ರಿಯೂ ಕಲ್ಲಿದ್ದಲು ಉರಿಯುತ್ತದೆ, ನಮ್ಮಲ್ಲಿ ಸೂರ್ಯ ಮುಳುಗಿದರೆ ಮುಗಿಯಿತು. ಹಾಗಾಗಿ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಬಾರದು ಎಂದು ಭೌತಶಾಸ್ತ್ರದ ಸರ್ ಹೇಳಿದ್ದಾರೆ.

ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಹೆಚ್ಚಳ. ಮಳೆ ಕೈಕೊಟ್ಟ ವರ್ಷ ಬಿತ್ತಿದ ಬೀಜದ ದುಡ್ಡೂ ಹುಟ್ಟದ ನೆಲಕ್ಕೆ ಇದು ಸಣ್ಣ ಮೊತ್ತವಲ್ಲ. ನಮ್ಮ ಬೀದಿಯಲ್ಲಿ ಜಮೀನಿದ್ದವರು ಸಾಲ ತೀರಿಸಿದರು, ಮನೆ ಕಟ್ಟಿಸಿದರು. ಒಳ್ಳೆಯದೇ ಆಯಿತು.

ನಮಗೆ ಜಮೀನಿರಲಿಲ್ಲ. ಅಮ್ಮಿ ಬೇರೆಯವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು, ಸುಗ್ಗಿಯಲ್ಲಿ ಕಡಲೆಕಾಯಿ ಗಿಡ ಕಿತ್ತು ಕಾಯಿ ಬಿಡಿಸುತ್ತಿದ್ದರು. ಶಾಲೆಗೆ ರಜೆ ಇದ್ದರೆ ನಾನೂ ಜೊತೆಗೆ ಹೋಗುತ್ತಿದ್ದೆ. ಎಷ್ಟು ಕಾಯಿ ತಿಂದರೂ ಹೊಲದವರು ಬೈಯುತ್ತಿರಲಿಲ್ಲ. ಸಂಜೆ ಕೂಲಿಯ ಜೊತೆ ಸೆರಗಿಗೆ ಒಂದಿಷ್ಟು ಹಾಕಿಯೂ ಕೊಡುತ್ತಿದ್ದರು. ಕಿತ್ತು ಮುಗಿದ ಹೊಲದಲ್ಲಿ ಮಾಮುವಿನ ಮೇಕೆಗಳು ಮೇಯುತ್ತಿದ್ದವು. ಇದಾವುದಕ್ಕೂ ಕಾಗದಪತ್ರ ಇರಲಿಲ್ಲ. ಗುತ್ತಿಗೆ ಕರಾರು ಮಾಡುವಾಗ ನೋಡುವುದು ಪಹಣಿಯನ್ನು. ಬೇಲಿ ಬಿದ್ದ ಮೇಲೆ ಪಹಣಿಯಲ್ಲಿ ಹೆಸರಿದ್ದವರಿಗೆ ಬಾಡಿಗೆ ಬಂತು, ನಮ್ಮ ಕೂಲಿ ನಿಂತಿತು. ಇದರಲ್ಲಿ ಯಾರೂ ಮೋಸ ಮಾಡಲಿಲ್ಲ. ಲೆಕ್ಕಕ್ಕೆ ನಾವು ಸಿಗಲಿಲ್ಲ, ಅಷ್ಟೆ.

ಪಾರ್ಕ್ ಕಟ್ಟುವಾಗ ಕೆಲಸ ಇತ್ತು. ಕಟ್ಟಿ ಮುಗಿದ ಮೇಲೆ ಉಳಿದದ್ದು ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಕಾಯುವುದು. ಅದು ಎಲ್ಲರಿಗೂ ಸಿಗುವಷ್ಟಿಲ್ಲ. ಮಾಮು ಮೇಕೆ ಮಾರಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಅಮ್ಮಿ ಹೊಲಿಗೆ ಕಲಿತರು. ನನ್ನ ಹಾಸ್ಟೆಲ್ ಫೀಸು ಆ ಮಿಷನ್ನಿನಿಂದಲೇ ಬರುತ್ತಿದೆ.

ಹಾಗೆಂದು ಸೋಲಾರ್ ಬೇಡ ಎನ್ನುವವನಲ್ಲ ನಾನು. ಭೂಮಿಯ ತಾಪ ಏರಿದರೆ ಮೊದಲು ಸೋಲುವುದು ನಮ್ಮಂಥ ಮಳೆ ನಂಬಿದ ಊರುಗಳೇ. 2030ರೊಳಗೆ ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಉಳಿದ ಮೂಲಗಳಿಂದ 500 ಗಿಗಾವ್ಯಾಟ್ ಸಾಮರ್ಥ್ಯ ಎಂದು ಭಾರತ ಗುರಿ ಹಾಕಿಕೊಂಡಿದೆ. ಅಂದರೆ ಇನ್ನೂ ಎಷ್ಟೋ ಹಳ್ಳಿಗಳಲ್ಲಿ ಬೇಲಿ ಬೀಳಲಿದೆ. ಅಲ್ಲಿ ಪಹಣಿಯ ಜೊತೆಗೆ ಆ ಹೊಲಗಳ ಕೂಲಿಯವರ, ಮೇಕೆಯವರ ಪಟ್ಟಿಯನ್ನೂ ಮಾಡಿ, ಬಾಡಿಗೆಯ ಜೊತೆ ಅವರಿಗೂ ಒಂದು ಪಾಲು ಇಡಬಹುದಲ್ಲವೇ? ಫಲಕಗಳನ್ನು ಎತ್ತರಕ್ಕೆ ನಿಲ್ಲಿಸಿ ಕೆಳಗೆ ಬೆಳೆ ಬೆಳೆಯುವುದು, ಕುರಿ ಮೇಯಿಸುವುದು ಬೇರೆ ದೇಶಗಳಲ್ಲಿ ನಡೆಯುತ್ತಿದೆ. ಕಂಬಿಗೆ ಖರ್ಚು ಹೆಚ್ಚು, ನಿಜ.

ರಂಜಾನ್ ರಜೆಯಲ್ಲಿ ಇದನ್ನು ಅಮ್ಮಿಗೆ ವಿವರಿಸಿದೆ. ಹೊಲಿಗೆ ನಿಲ್ಲಿಸದೆ ಕೇಳಿಸಿಕೊಂಡು ಹೇಳಿದರು: "ನೆರಳಲ್ಲಿ ಕಡಲೆಕಾಯಿ ಕಟ್ಟಲ್ಲ ಬೇಟಾ. ಸೊಪ್ಪು ಹಾಕಬೇಕು. ಸೊಪ್ಪಾದರೆ ಬರುತ್ತೆ."