ಇಳಿಸಿದ ಇಂಜಿನ್, ಏರಿಸಿದ ಇಂಜಿನ್

1

ಭಾವನ ಕಾರು ಬೂದು ಬಣ್ಣದ್ದು, ಡೀಸೆಲ್. ಹೋದ ಮಳೆಗಾಲದಲ್ಲಿ ನೀರು ತುಂಬಿದ್ದ ಅಂಡರ್‌ಪಾಸ್‌ಗೆ ಇಳಿದದ್ದು ಅಲ್ಲೇ ನಿಂತಿತು. ಇಂಜಿನ್ ಗಾಳಿಯ ಜೊತೆ ನೀರನ್ನೂ ಎಳೆದುಕೊಂಡಿತ್ತು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಮೇಲೇರುತ್ತಿದ್ದ ಪಿಸ್ಟನ್‌ಗೆ ಜಾಗ ಸಿಗಲಿಲ್ಲ. ಮೂರನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬಾಗಿ, ಬ್ಲಾಕಿನ ಪಕ್ಕೆ ಒಡೆದು ಹೊರಗೆ ಬಂದಿತ್ತು. ಆ ತೂತಿನಲ್ಲಿ ನನ್ನ ಹೆಬ್ಬೆರಳು ಹಿಡಿಸಿತು.

2

ಗುಜರಿಯಲ್ಲಿ ಒಂದು ಇಂಜಿನ್ ಸಿಕ್ಕಿತು. ಹಿಂದಿನಿಂದ ಲಾರಿ ಗುದ್ದಿ ಮುದ್ದೆಯಾಗಿದ್ದ ಕೆಂಪು ಕಾರಿನದು. ಬಾನೆಟ್ಟಿನ ಕಡೆ ಗೀರು ಕೂಡ ಇಲ್ಲ.

ಕೆಂಪು ಕಾರು ಬೇರೆ ಕಂಪನಿಯದು.

"ಕಂಪನಿ ಬೇರೆ, ಇಂಜಿನ್ ಅದೇ" ಅಂದರು ಮೇಸ್ತ್ರಿ. ಆಮೇಲೆ ಮೂರು ದಿನ ಗ್ಯಾರೇಜಿಗೆ ಹೋಗಿ ಕೂತೆ.

3

ಇಂಜಿನ್ ಹೊರತೆಗೆಯುವುದಕ್ಕೆ ಗ್ಯಾರೇಜಿನಲ್ಲಿ "ಇಳಿಸೋದು" ಅನ್ನುತ್ತಾರೆ. ಚೈನ್ ಬ್ಲಾಕ್ ಕಟ್ಟಿ ಮೇಲಕ್ಕೆ ಎತ್ತುತ್ತಾರೆ. ಮತ್ತೆ ಕೂರಿಸುವುದಕ್ಕೆ "ಏರಿಸೋದು" ಅನ್ನುತ್ತಾರೆ. ಅದೇ ಚೈನಿನಲ್ಲಿ ಕೆಳಕ್ಕೆ ಬಿಡುತ್ತಾರೆ.

4

ಎರಡು ಇಂಜಿನ್ನುಗಳನ್ನು ಗೋಣಿಚೀಲದ ಮೇಲೆ ಪಕ್ಕಪಕ್ಕ ಇಟ್ಟರು. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬೇರೆ ಬೇರೆ. ಒಂದರ ಮೇಲೆ ಒಂದು ಹೆಸರು, ಇನ್ನೊಂದರ ಮೇಲೆ ಇನ್ನೊಂದು. ಮುಚ್ಚಳ ತೆಗೆದರು. ಕೆಳಗೆ ಹೆಸರು ಕಾಣಲಿಲ್ಲ.

5

ಅಳತೆಗಳು. ಬೋರ್ 69.6 ಮಿ.ಮೀ. ಸ್ಟ್ರೋಕ್ 82 ಮಿ.ಮೀ. ನಾಲ್ಕು ಸಿಲಿಂಡರ್. 1248 ಸಿ.ಸಿ. ಹದಿನಾರು ವಾಲ್ವ್. ಟೈಮಿಂಗಿಗೆ ಬೆಲ್ಟ್ ಇಲ್ಲ, ಚೈನ್. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದ್ದೆ. ಎರಡರಲ್ಲೂ ಅದನ್ನೇ ಬರೆಯಬೇಕಾಯಿತು.

6

ಈ ಇಂಜಿನ್ನನ್ನು ಫಿಯೆಟ್ ಕಂಪನಿ ಜನರಲ್ ಮೋಟಾರ್ಸ್ ಜೊತೆ ಸೇರಿ ಮಾಡಿತು. 2003ರಲ್ಲಿ ಪೋಲೆಂಡಿನ ಬಿಯೆಲ್ಸ್ಕೊ-ಬ್ಯಾವದಿಂದ ಹೊರಬಂತು. ಫಿಯೆಟ್ ಇಟ್ಟ ಹೆಸರು ಮಲ್ಟಿಜೆಟ್. ಓಪೆಲ್ ಕಾರಿನಲ್ಲಿ ಸಿಡಿಟಿಐ. ಯುರೋಪಿನ ಫೋರ್ಡ್ ಕಾ ಕಾರಿನಲ್ಲಿ ಟಿಡಿಸಿಐ. ಮಾರುತಿಯಲ್ಲಿ ಡಿಡಿಐಎಸ್. ಟಾಟಾದಲ್ಲಿ ಕ್ವಾಡ್ರಾಜೆಟ್. ಇಲ್ಲಿನ ಶೆವ್ರೊಲೆ ಸೇಲ್‌ಗೂ ಬಂತು, ಪ್ರೀಮಿಯರ್ ರಿಯೋಗೂ ಬಂತು.

ಭಾರತದಲ್ಲೂ ಇದನ್ನು ಮಾಡುತ್ತಿದ್ದರು: ಹರಿಯಾಣದ ಮಾನೇಸರಿನಲ್ಲಿ, ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ. ಸ್ವಿಫ್ಟ್ ಡೀಸೆಲ್ ಬಂದದ್ದು 2007ರಲ್ಲಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಬಿಟ್ಟಿತು.

ಕಾರಿನ ಹುಚ್ಚಿರುವವರು ಇದನ್ನು "ನ್ಯಾಷನಲ್ ಇಂಜಿನ್" ಎಂದು ಕರೆಯುತ್ತಾರೆ.

7

ಮೊದಲ ದಿನ ಪೂರ್ತಿ ಒಡವೆ ಕಳಚುವ ಕೆಲಸ. ಆ ಮಾತು ಮೇಸ್ತ್ರಿಯದು. ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಪೈಪುಗಳು, ಬ್ರಾಕೆಟ್ಟುಗಳು, ಅಡಿಯಲ್ಲಿ ಎಣ್ಣೆ ನಿಲ್ಲುವ ಸಂಪು, ವೈರಿಂಗ್. ಕೆಂಪು ಕಾರಿನ ಒಡವೆ ಒಂದು ತಗಡಿನ ಡಬ್ಬಿಗೆ, ಬೂದು ಕಾರಿನ ಒಡವೆ ಇನ್ನೊಂದಕ್ಕೆ. ಬೋಲ್ಟುಗಳನ್ನು ರಟ್ಟಿನ ಹಾಳೆಗೆ ಚುಚ್ಚಿ, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದಿಟ್ಟರು: "ಪಂಪ್ ಮೇಲೆ", "ಪಂಪ್ ಕೆಳಗೆ", "ಉದ್ದ ಒಂದು".

ಕೆಂಪು ಇಂಜಿನ್ ಬರಿಮೈಯಲ್ಲಿ ನಿಂತಿತು. ಆಮೇಲೆ ಬೂದು ಕಾರಿನ ಒಡವೆಯನ್ನು ಅದಕ್ಕೆ ತೊಡಿಸಿದರು. ಕಾರಿಗೆ ಇಂಜಿನ್ ಹೊಂದಬೇಕು ಅಂದುಕೊಂಡಿದ್ದೆ. ಇಲ್ಲಿ ಹೊಂದಿಸುತ್ತಿದ್ದದ್ದು ಇಂಜಿನ್ನಿನ ಸುತ್ತ ಇರುವುದನ್ನು.

8

ಹೊಂದದೆ ಹೋದದ್ದು: ಸಂಪಿನ ಆಕಾರ. ಮೌಂಟಿಂಗ್ ಬ್ರಾಕೆಟ್. ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಬಾಗು. ಎಣ್ಣೆ ನೋಡುವ ಕಡ್ಡಿ.

ಹೊಂದಿದ್ದು: ಉಳಿದದ್ದೆಲ್ಲ.

9

ಸಂಪು ಯಾಕೆ ಬೇರೆ ಎಂದು ಕೇಳಿದೆ. ಮೇಸ್ತ್ರಿ ಕಾರಿನ ಕೆಳಗೆ ತೋರಿಸಿದರು. ಬೂದು ಕಾರಿನಲ್ಲಿ ಆ ಜಾಗದಲ್ಲಿ ಅಡ್ಡಲಾಗಿ ಒಂದು ಕಬ್ಬಿಣದ ತೊಲೆ. ಸಂಪು ಅದನ್ನು ತಪ್ಪಿಸಿಕೊಳ್ಳಲು ಒಂದು ಕಡೆ ಮೇಲೆ ಸರಿದಿದೆ. ಕೆಂಪು ಕಾರಿನ ಸಂಪಿಗೆ ಆ ತಗ್ಗು ಇಲ್ಲ. ಬೂದು ಕಾರನ್ನು ನೋಡದವರು ಆ ಸಂಪೊಂದನ್ನೇ ಕೈಗೆತ್ತಿಕೊಂಡರೂ ತೊಲೆ ಎಲ್ಲಿದೆ ಎಂದು ಹೇಳಬಹುದು.

10

ಗೇರ್‌ಬಾಕ್ಸ್ ಬೂದು ಕಾರಿನದೇ ಉಳಿಯಿತು. ಫ್ಲೈವೀಲನ್ನು ಕೆಂಪು ಇಂಜಿನ್ನಿನ ಕ್ರ್ಯಾಂಕಿಗೆ ಹಿಡಿದು ನೋಡಿದರು. ತೂತಿಗೆ ತೂತು ಕೂತಿತು. ಗ್ಯಾರೇಜಿನ ಹುಡುಗ ನನ್ನ ಮುಖ ನೋಡಿದ.

11

ಗೇರ್‌ಬಾಕ್ಸಿನ ಬಾಯಿ, ಅಂದರೆ ಬೆಲ್‌ಹೌಸಿಂಗ್, ಹೀಗೆ ಇಂಜಿನ್ನಿಗೆ ಕೂರದ ಕಡೆ ನಡುವೆ ಒಂದು ದಪ್ಪ ಪ್ಲೇಟ್ ಹಾಕುತ್ತಾರೆ. ಒಂದು ಮುಖದಲ್ಲಿ ಇಂಜಿನ್ನಿನ ತೂತುಗಳು, ಇನ್ನೊಂದು ಮುಖದಲ್ಲಿ ಗೇರ್‌ಬಾಕ್ಸಿನ ತೂತುಗಳು. ನಡುವಿನ ದೊಡ್ಡ ವೃತ್ತದ ಕೇಂದ್ರ ಕ್ರ್ಯಾಂಕಿನ ಕೇಂದ್ರಕ್ಕೇ ಬರಬೇಕು. ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿದರೆ ಮುಳ್ಳು ಐದು ಥೌ ದಾಟಬಾರದು ಎನ್ನುವುದು ಲೇತಿನವರ ಲೆಕ್ಕ. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ದಾಟಿದರೂ ಕಾರು ಓಡುತ್ತದೆ. ಬೇರಿಂಗ್ ಬೇಗ ಹೋಗುತ್ತದೆ, ಗೇರ್ ಬೀಳುವಾಗ ಹಿಡಿಯುತ್ತದೆ. ಕಾರಣ ಹೊರಗಿನಿಂದ ಕಾಣುವುದಿಲ್ಲ.

12

ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ಗೂ ಬಸ್ಸಿಗೂ ಶೆವ್ರೊಲೆ ಕೊರ್ವೇರಿನ ಇಂಜಿನ್ ಕೂರಿಸುವವರಿದ್ದರು. ಎರಡೂ ಗಾಳಿಯಿಂದ ತಣಿಯುವ ಇಂಜಿನ್, ಎರಡೂ ಹಿಂದೆ, ಎರಡರಲ್ಲೂ ಸಿಲಿಂಡರುಗಳು ಮಲಗಿವೆ. ಫೋಕ್ಸ್‌ವ್ಯಾಗನ್ನಿನಲ್ಲಿ ನಾಲ್ಕು, ಕೊರ್ವೇರಿನಲ್ಲಿ ಆರು.

ಕೊರ್ವೇರ್ ಇಂಜಿನ್ ತಿರುಗುವುದು ಎದುರು ದಿಕ್ಕಿಗೆ. ಹಾಗೇ ಕೂರಿಸಿದರೆ ಕಾರಿಗೆ ನಾಲ್ಕು ರಿವರ್ಸ್ ಗೇರ್, ಒಂದೇ ಒಂದು ಮುಂದಿನ ಗೇರ್. ಅದಕ್ಕೆ ಗೇರ್‌ಬಾಕ್ಸ್ ಬಿಚ್ಚಿ, ಒಳಗಿನ ರಿಂಗ್ ಗೇರನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಮಗುಚಿ ಹಾಕುತ್ತಿದ್ದರು. ಹೊಸ ಭಾಗ ಬೇಡ. ಮಗುಚಿದರೆ ಸಾಕು.

13

ಹೊಂಡಾದ ಹಳೆಯ ಬಿ ಮತ್ತು ಡಿ ಸರಣಿಯ ಇಂಜಿನ್ನುಗಳೂ ಉಳಿದವರ ದಿಕ್ಕಿಗೆ ವಿರುದ್ಧ ತಿರುಗುತ್ತವೆ. ಕೆ ಸರಣಿಯಿಂದ ದಿಕ್ಕು ಬದಲಾಯಿತು.

14

ಮಲೆನಾಡಿನಲ್ಲಿ ಜೀಪನ್ನು ಇಂಜಿನ್ನಿನ ಹೆಸರಿನಿಂದ ಕರೆಯುವುದನ್ನು ಕೇಳಿದ್ದೇನೆ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಡ್ರೈವರ್ ಹೇಳಿದ್ದು: "ನಮ್ದು ಪ್ಯೂಜೊ, ಅವ್ರದ್ದು ಡಿಐ."

ಆ ಪ್ಯೂಜೊ ಜೀಪಿನ ಬಾಡಿಯ ಮೂಲ ಅಮೆರಿಕದ ವಿಲ್ಲೀಸ್. ಮಾಡಿದ್ದು ಮಹೀಂದ್ರ. ಇಂಜಿನ್ ಫ್ರಾನ್ಸಿನ ಪ್ಯೂಜೊದ ವಿನ್ಯಾಸ, ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, 2112 ಸಿ.ಸಿ. ಪ್ಯೂಜೊ ಕಾರನ್ನು ಆ ಡ್ರೈವರ್ ನೋಡಿರಲಿಲ್ಲ. ಫೋಟೊ ತೋರಿಸಿದೆ. "ಇದು ಕಾರಾ?" ಎಂದು ಕೇಳಿ, ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡರು.

15

ಒಂದು ಪುಟ ಬರೀ ಇವಕ್ಕೆ:

ಪ್ರೀಮಿಯರ್ 118ಎನ್‌ಇ. 1985. ಬಾಡಿ ಫಿಯೆಟ್ 124ರ ವಂಶದ್ದು. ಇಂಜಿನ್ ನಿಸಾನ್, 1171 ಸಿ.ಸಿ.

ಕಾಂಟೆಸ್ಸಾ. ಬಾಡಿ ಇಂಗ್ಲೆಂಡಿನ ವಾಕ್ಸ್‌ಹಾಲ್. ಮೊದಲು ಅಂಬಾಸಿಡರಿನ 1489 ಸಿ.ಸಿ. ಇಂಜಿನ್. ಆಮೇಲೆ ಜಪಾನಿನ ಇಸುಝು, 1817 ಸಿ.ಸಿ.

ಅಂಬಾಸಿಡರ್. ಬಾಡಿ ಮಾರಿಸ್ ಆಕ್ಸ್‌ಫರ್ಡ್. 1990ರ ದಶಕದಲ್ಲಿ ಅದಕ್ಕೂ ಅದೇ ಇಸುಝು. ಕೊನೆಯ ಕಾರು ಹೊರಬಂದದ್ದು 2014ರ ಮೇ ತಿಂಗಳಲ್ಲಿ.

ಬೇರೆಯವರ ಇಂಜಿನ್ ಹಾಕುವುದು ಗ್ಯಾರೇಜಿನ ಕೆಲಸ ಎಂದು ತಿಳಿದಿದ್ದೆ. ಇವೆಲ್ಲ ಕಾರ್ಖಾನೆಯಿಂದಲೇ ಹಾಗೆ ಬಂದವು.

16

ಸ್ಟ್ಯಾಂಡರ್ಡ್ 2000ಕ್ಕೆ ಬೇರೆ ಪುಟ ಬೇಕು.

ಬಾಡಿ ರೋವರ್ ಎಸ್‌ಡಿ1. ಇಂಗ್ಲೆಂಡಿನಲ್ಲಿ ಅದು ಮೊದಲು ಬಂದಾಗ ಬಾನೆಟ್ಟಿನ ಕೆಳಗೆ 3.5 ಲೀಟರಿನ ವಿ8 ಇತ್ತು. ಮದ್ರಾಸಿನ ಹತ್ತಿರದ ಕಾರ್ಖಾನೆಯಲ್ಲಿ 1985ರಲ್ಲಿ ಅದೇ ಬಾನೆಟ್ಟಿನ ಕೆಳಗೆ ಹಳೆಯ ಸ್ಟ್ಯಾಂಡರ್ಡ್ ವ್ಯಾಂಗಾರ್ಡ್ ವಂಶದ 1991 ಸಿ.ಸಿ. ಇಂಜಿನ್ ಕೂರಿಸಿದರು. ಆ ವಂಶದ ಇಂಜಿನ್ನುಗಳು ಇಂಗ್ಲೆಂಡಿನಲ್ಲಿ ಎರಡು ಕಡೆ ಕೆಲಸ ಮಾಡಿದ್ದವು. ಟ್ರಯಂಫ್ ಟಿಆರ್2 ಸ್ಪೋರ್ಟ್ಸ್ ಕಾರಿನಲ್ಲಿ. ಫರ್ಗುಸನ್ ಟ್ರ್ಯಾಕ್ಟರಿನಲ್ಲಿ.

ಮೂರು ವರ್ಷ ನಡೆಯಿತು.

17

ಆ ರೋವರ್ ವಿ8 ಕೂಡ ರೋವರಿನದಲ್ಲ.

ಅಮೆರಿಕದ ಬ್ಯೂಕ್ 1961ರಲ್ಲಿ ಮಾಡಿದ್ದು, ಅಲ್ಯೂಮಿನಿಯಂ ಬ್ಲಾಕ್. ಮೂರು ವರ್ಷ ಕಾರುಗಳಿಗೆ ಹಾಕಿ ಕೈಬಿಟ್ಟರು. ರೋವರಿನ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟ್ ಬೇರೆ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ, ದೋಣಿಯ ಇಂಜಿನ್ ಮಾಡುವ ಮರ್ಕ್ಯುರಿ ಮರೀನ್ ಕಂಪನಿಯ ವರ್ಕ್‌ಷಾಪಿನ ನೆಲದ ಮೇಲೆ ಅದನ್ನು ಕಂಡರು. ಟೇಪು ಹಿಡಿದು ಅಳೆದರು. ರೋವರ್ ಅದರ ಹಕ್ಕನ್ನು ಕೊಂಡಿತು. 1967ರಲ್ಲಿ ಪಿ5ಬಿ ಕಾರಿಗೆ, 1970ರಲ್ಲಿ ರೇಂಜ್ ರೋವರಿಗೆ ಹಾಕಿತು. ಬ್ಯೂಕ್ ಮೂರು ವರ್ಷ ಮಾಡಿದ ಇಂಜಿನ್ನನ್ನು ಇಂಗ್ಲೆಂಡಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮಾಡಿದರು.

ಪಿ5ಬಿಯ ಕೊನೆಯ ಅಕ್ಷರ ಬ್ಯೂಕಿನದು. ನನಗೆ ಇಷ್ಟವಾದ ಅಕ್ಷರ ಇದು.

18

ಮೂರನೇ ದಿನ ಇಂಜಿನ್ ಏರಿಸಿದರು. ಬೂದು ಕಾರಿನ ಕಂಪ್ಯೂಟರ್, ಬೂದು ಕಾರಿನ ವೈರಿಂಗ್, ಬೂದು ಕಾರಿನ ಕೀಲಿ. ಕೀಲಿಯೊಳಗೆ ಚಿಪ್ ಇದೆ. ಚಿಪ್ ಕಂಪ್ಯೂಟರಿಗೆ ಗುರುತು ಹೇಳಬೇಕು, ಕಂಪ್ಯೂಟರ್ ಒಪ್ಪಿದರೆ ಮಾತ್ರ ಡೀಸೆಲ್ ಹೋಗುತ್ತದೆ. ಇಂಜಿನ್ ಬೇರೆಯದು ಎನ್ನುವುದು ಕೀಲಿಗೂ ಗೊತ್ತಿಲ್ಲ, ಕಂಪ್ಯೂಟರಿಗೂ ಗೊತ್ತಿಲ್ಲ.

ಇಂಜೆಕ್ಟರ್ ಮಾತ್ರ ಕೆಂಪು ಕಾರಿನವು. ಪ್ರತಿಯೊಂದರ ತಲೆಯ ಮೇಲೆ ಸಣ್ಣ ಅಕ್ಷರ ಮತ್ತು ಅಂಕಿಗಳು. ಒಂದೇ ಅಳತೆಗೆ ಮಾಡಿದರೂ ಯಾವ ಎರಡು ಇಂಜೆಕ್ಟರೂ ಸರಿಸಮ ಡೀಸೆಲ್ ಚಿಮುಕಿಸುವುದಿಲ್ಲ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎನ್ನುವುದು ಆ ಕೋಡಿನಲ್ಲಿದೆ. ಅದನ್ನು ಕಂಪ್ಯೂಟರಿಗೆ ತಿಳಿಸಬೇಕು.

ಮೇಸ್ತ್ರಿ ಸೀಮೆಎಣ್ಣೆ ಬಟ್ಟೆಯಿಂದ ಒಂದೊಂದನ್ನೂ ಒರೆಸಿದರು. ಹುಡುಗ ಫೋನಿನ ಬೆಳಕು ಹಿಡಿದ. ಮೇಸ್ತ್ರಿ ಓದಿದ್ದನ್ನು ನಾನು ಬರೆದುಕೊಂಡೆ. ಎಂಟೋ ಬಿಯೋ ಎಂದು ಒಂದು ಕಡೆ ಅನುಮಾನ ಬಂತು. ಮೂವರೂ ಬಗ್ಗಿ ನೋಡಿದೆವು. ಎಂಟು.

ಆ ನಾಲ್ಕು ಸಾಲು ಈ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿವೆ.

19

ಮೊದಲ ಸಲ ಕೀಲಿ ತಿರುಗಿಸಿದಾಗ ಹಿಡಿಯಲಿಲ್ಲ. ಡೀಸೆಲ್ ಲೈನಿನಲ್ಲಿ ಗಾಳಿ. ಪಂಪು ಒತ್ತಿದರು. ಎರಡನೇ ಸಲವೂ ಇಲ್ಲ. ಮೂರನೇ ಸಲಕ್ಕೆ ಬಿಳಿ ಹೊಗೆ, ಆಮೇಲೆ ಸದ್ದು. ಮೇಸ್ತ್ರಿ ಬಾನೆಟ್ಟಿನ ಕಡೆ ನೋಡಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

20

ಇಂಜಿನ್ ನಂಬರ್ ಬ್ಲಾಕಿನ ಮೇಲಿದೆ. ಅದೇ ನಂಬರ್ ಆರ್.ಸಿ.ಯಲ್ಲೂ ಇರಬೇಕು. ಈಗ ಎರಡೂ ಬೇರೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್.ಸಿ.ಗೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸಬಾರದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿತು. ಬದಲಾವಣೆಯನ್ನು ಹದಿನಾಲ್ಕು ದಿನದೊಳಗೆ ತಿಳಿಸಬೇಕೆಂಬ ಮಾತೂ ಅದೇ ಸೆಕ್ಷನ್ನಿನಲ್ಲಿದೆ.

ಬೋರ್, ಸ್ಟ್ರೋಕ್, ಸಿ.ಸಿ., ಇಂಧನ ಎಲ್ಲ ಒಂದೇ. ತಯಾರಕರ ಹೆಸರು ಬೇರೆ. ಭಾವ ಕಾಗದಗಳನ್ನು ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿಕೊಂಡಿದ್ದಾರೆ: ಗುಜರಿಯವರ ಬಿಲ್ಲು, ಕೆಂಪು ಕಾರಿನ ಆರ್.ಸಿ. ಪ್ರತಿ, ಎರಡು ನಂಬರುಗಳ ಪೆನ್ಸಿಲ್ ಉಜ್ಜು. ಇತ್ಯರ್ಥ ಆಗುವ ತನಕ ಕಾರನ್ನು ರಸ್ತೆಗೆ ತೆಗೆಯುವುದಿಲ್ಲ ಎಂದಿದ್ದಾರೆ. ಅದೇ ಸರಿ ಎಂದು ನನಗೂ ಅನ್ನಿಸುತ್ತದೆ.

21

ಪೆನ್ಸಿಲ್ ಉಜ್ಜು ಎಂದರೆ: ಬ್ಲಾಕಿನ ನಂಬರಿನ ಮೇಲೆ ತೆಳು ಕಾಗದ ಇಟ್ಟು ಸೀಸ ಉಜ್ಜುವುದು. ಶಾಲೆಯಲ್ಲಿ ನಾಣ್ಯದ ಮೇಲೆ ಮಾಡುತ್ತಿದ್ದ ಹಾಗೆ.

22

ಬಿಡದಿ. ಟೊಯೋಟಾದ ಕಾರ್ಖಾನೆ. 2022ರಿಂದ ಟೊಯೋಟಾ ಹೈರೈಡರ್ ಅಲ್ಲಿಂದ ಬರುತ್ತದೆ. ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರವೂ ಅಲ್ಲಿಂದಲೇ ಬಂತು. ಎರಡು ಕಾರುಗಳಿಗೂ ಎರಡೆರಡು ಇಂಜಿನ್ ಆಯ್ಕೆ. ನಾಲ್ಕು ಸಿಲಿಂಡರಿನ 1462 ಸಿ.ಸಿ.ಯದು ಸುಜುಕಿಯದು. ಮೂರು ಸಿಲಿಂಡರಿನ 1490 ಸಿ.ಸಿ.ಯ ಹೈಬ್ರಿಡ್ ಟೊಯೋಟಾದ್ದು.

ಸುಜುಕಿ ಬ್ಯಾಡ್ಜಿನ ಕಾರಿನಲ್ಲಿ ಟೊಯೋಟಾ ಇಂಜಿನ್. ಟೊಯೋಟಾ ಬ್ಯಾಡ್ಜಿನ ಕಾರಿನಲ್ಲಿ ಸುಜುಕಿ ಇಂಜಿನ್. ಆರ್.ಸಿ.ಯಲ್ಲಿ ಯಾವ ವ್ಯತ್ಯಾಸವೂ ಬರುವುದಿಲ್ಲ.

23

ಬೂದು ಕಾರಿನ ಪ್ಲಾಸ್ಟಿಕ್ ಮುಚ್ಚಳವನ್ನೇ ಮತ್ತೆ ಮೇಲೆ ಹಾಕಿದರು. ನಾಲ್ಕು ಗೂಟ, ನಾಲ್ಕು ರಬ್ಬರ್. ಒತ್ತಿದಾಗ ಟಕ್ ಎಂದು ಕೂತಿತು.

24

ಅಕ್ಕ ಗ್ಯಾರೇಜಿಗೆ ಬಂದಳು. ಮುಚ್ಚಳ ನೋಡಲಿಲ್ಲ, ಏನೂ ಕೇಳಲಿಲ್ಲ. ಇಂಜಿನ್ ಓಡುತ್ತಿದ್ದಾಗ ಸ್ಟೀರಿಂಗ್ ಮೇಲೆ ಕೈಯಿಟ್ಟು, "ನಮ್ಮದು ಇಷ್ಟು ಅದುರುತ್ತಿರಲಿಲ್ಲ" ಅಂದಳು. ಭಾವನಿಗೆ ಅದುರುವುದು ಗೊತ್ತಾಗಲಿಲ್ಲ. ನಾನು ಕೈಯಿಟ್ಟು ನೋಡಿದೆ. ನನಗೆ ಮೊದಲು ಎಷ್ಟು ಅದುರುತ್ತಿತ್ತೋ ನೆನಪಿಲ್ಲ.

ಮೇಸ್ತ್ರಿ ಮೌಂಟಿಂಗಿನ ಒಂದು ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ, ಇಂಜಿನ್ ತಾನಾಗಿ ಕೂರುವ ತನಕ ಓಡಿಸಿ, ಮತ್ತೆ ಬಿಗಿದರು. ಅಕ್ಕ "ಈಗ ಸರಿ" ಅಂದಳು.

25

ಗ್ಯಾರೇಜಿನ ಗೋಡೆಯಲ್ಲಿ ಒಂದು ಉದ್ದ ಮೊಳೆ. ಅದರ ತುಂಬ ಎಣ್ಣೆ ನೋಡುವ ಕಡ್ಡಿಗಳು. ಕೆಂಪು ಕಾರಿನದನ್ನೂ ಅಲ್ಲಿಗೇ ಸೇರಿಸಿದರು. ಎಣಿಸಿದೆ, ಹತ್ತೊಂಬತ್ತು. ಒಂದೊಂದನ್ನೇ ತೆಗೆದು ತೋರಿಸುತ್ತ ಹೋದೆ. ಮೇಸ್ತ್ರಿ ಊಟದ ಡಬ್ಬಿ ತೊಳೆಯುತ್ತಲೇ ಯಾವುದು ಯಾವ ಗಾಡಿಯದು ಎಂದು ಹೇಳಿದರು. ಹದಿನೇಳಕ್ಕೆ ಹೇಳಿದರು. ಎರಡನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಬಾಗು ನೋಡಿ, ಮತ್ತೆ ಮೊಳೆಗೆ ಹಾಕಿದರು.