ಕೊಡೆ, ಲಿಂಗ, ಸೂರ್ಯ-ಚಂದ್ರ

ಗದಗದಿಂದ ಲಕ್ಷ್ಮೇಶ್ವರ ಸುಮಾರು 40 ಕಿಲೋಮೀಟರ್. ರಸ್ತೆಯ ಎರಡೂ ಬದಿ ಎರಿ ಹೊಲ, ದೂರದಲ್ಲಿ ಕಪ್ಪತಗುಡ್ಡ. ನನ್ನ ಜೊತೆ ಆಸ್ಟ್ರೇಲಿಯಾದಿಂದ ರಜೆಗೆ ಬಂದ ಮಗಳಿದ್ದಳು.

ಅಲ್ಲಿ ಸಭೆ ಶುರು ಮಾಡುವ ಮುನ್ನ ಆ ನೆಲವನ್ನು ಕಾಯ್ದುಕೊಂಡು ಬಂದ ಮೂಲನಿವಾಸಿಗಳನ್ನು ನೆನೆಯುತ್ತಾರಂತೆ. ಕ್ಯಾಥೊಲಿಕ್ ಚರ್ಚುಗಳಲ್ಲೂ ಅವರ ಚಿತ್ರಕಲೆ ಇದೆಯಂತೆ. ಬೀಗಲ್ ಬೇ ಎಂಬ ಊರಿನಲ್ಲಿ 1918ರ ಚರ್ಚೊಂದಿದೆ; ಅದರ ಪೂಜಾಪೀಠಕ್ಕೆ ಮುತ್ತಿನ ಚಿಪ್ಪು ಕೂಡಿಸಿ, ಅಲ್ಲಿನ ಬುಡಕಟ್ಟುಗಳ ಗುರುತುಗಳನ್ನೂ ಸೇರಿಸಿದ್ದಾರೆ. "ನಮ್ಮ ಕಡೆ ಹಿಂಗ ಏನರ ಐತೇನಪ್ಪಾ?" ಎಂದಳು.

ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ಸೋಮೇಶ್ವರ ಗುಡಿ, ಶಂಖ ಬಸದಿ, ಆದಿಲ್‌ಶಾಹಿ ಕಾಲದ ಮಸೀದಿ ಎಲ್ಲ ಒಂದೇ ಊರಿನಲ್ಲಿವೆ. ಶಾಸನಗಳಿಗಂತೂ ಬರವಿಲ್ಲ. ಕಲ್ಲಿನ ನೆತ್ತಿಯ ಮೇಲಿನ ಸೂರ್ಯ-ಚಂದ್ರರನ್ನು ತೋರಿಸಿ ಹೇಳಿದೆ: ಅವರಿಬ್ಬರು ಇರುವತನಕ ಈ ದಾನ ನಡೀಬೇಕು ಅಂತ ಅರ್ಥ. ದಾನದ ಹೊಲದ ಎಲ್ಲೆಗೂ ಗುರುತಿನ ಕಲ್ಲು ನೆಡುತ್ತಿದ್ದರು. ಬಸದಿಯದಾದರೆ ಮುಕ್ಕೊಡೆ, ಶಿವನ ಗುಡಿಯದಾದರೆ ಲಿಂಗಮುದ್ರೆ, ವೈಷ್ಣವರದಾದರೆ ವಾಮನಮುದ್ರೆ. ಓದು ಬಾರದ ಒಕ್ಕಲಿಗನಿಗೂ ಇದು ಯಾರ ಭೂಮಿ ಎಂದು ತಿಳಿಯುತ್ತಿತ್ತು.

"ಕೊಟ್ಟವರು, ಇಸ್ಕೊಂಡವರು ಗೊತ್ತಾತು. ಉತ್ತವರು ಯಾರು?" ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ. ರಾಜ, ಗುಡಿ, ಮಹಾಜನರಿಗೆಲ್ಲ ಶಾಸನದಲ್ಲಿ ಜಾಗವಿದೆ. ಬಿತ್ತಿದವರು, ಕುರಿ ಕಾಯ್ದವರು ಹೆಸರಿಟ್ಟು ಸಿಗುವುದು ಅಪರೂಪ.

ಮರುದಿನ ಬೆಟಗೇರಿಯ ವೀರಗಲ್ಲುಗಳ ಹತ್ತಿರ ಕರೆದೊಯ್ದೆ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ದನ ಬಿಡಿಸಲು, ಊರು ಉಳಿಸಲು ಹೋಗಿ ಸತ್ತವರೇ ಬಹಳ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಪೂಜೆ. ನೆಲ ಕಾಯ್ದ ಸಾಮಾನ್ಯರಿಗೂ ಊರು ಒಂದು ಕಲ್ಲು ನಿಲ್ಲಿಸಿದೆ. ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ಮುಂಡರಗಿ ಕಡೆಯ ನಮ್ಮ ಹೊಲದ ಬದುವಿನಲ್ಲೂ ಸೂರ್ಯ-ಚಂದ್ರರ ಒಂದು ಸವೆದ ಕಲ್ಲಿದೆ. ಟ್ರ್ಯಾಕ್ಟರಿಗೆ ಅಡ್ಡ ಆಗ್ತದಂತ ತಮ್ಮ ಅದನ್ನು ಕೀಳಿಸುವವನಿದ್ದ. ಅಂದು ಸಂಜೆಯೇ ಫೋನ್ ಮಾಡಿ, ಇಷ್ಟೂ ಹೇಳಿದೆ.

"ಆತು ಬಿಡಣ್ಣಾ, ಎರಡು ಮಾರು ಬಿಟ್ಟು ರಂಟಿ ಹೊಡಸ್ತೀನಿ" ಅಂದ.