ಅಪ್ಪನ ಎದೆಯ ಎರಡು ಚಿತ್ರಗಳು

ನಾನು ಇತಿಹಾಸದ ವಿದ್ಯಾರ್ಥಿ. ಭೌತಶಾಸ್ತ್ರಕ್ಕೂ ನನಗೂ ಎಣ್ಣೆ-ಸೀಗೇಕಾಯಿಯ ಸಂಬಂಧವೆಂಬುದು ನನ್ನ ಗೆಳೆಯರೆಲ್ಲ ಬಲ್ಲ ಸಂಗತಿ. ಆದರೂ ಕಳೆದ ರಜೆಯಲ್ಲಿ, ಎದೆನೋವೆಂದು ಅಪ್ಪನನ್ನು ಪಟ್ಟಣದ ಆಸ್ಪತ್ರೆಯೊಂದಕ್ಕೆ ಕರೆದೊಯ್ದ ದಿನ, ಆ ಶಾಸ್ತ್ರದ ಒಂದು ಪಾಠ ನನಗೆ ಬೇಡವೆಂದರೂ ಆಯಿತು.

ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತು ಬೆರೆತ ಔಷಧವನ್ನು ಅಪ್ಪನ ರಕ್ತನಾಳಕ್ಕೆ ಚುಚ್ಚಿದರು. ಸುಮಾರು 6 ಗಂಟೆಗೊಮ್ಮೆ ಅದರ ಬಲ ಅರ್ಧಕ್ಕಿಳಿಯುತ್ತದಂತೆ. ರಕ್ತ ಚೆನ್ನಾಗಿ ಹರಿಯುವ ಹೃದಯದ ಭಾಗ ಅದನ್ನು ಹೀರಿ ಚಿತ್ರದಲ್ಲಿ ಬೆಳಗುತ್ತದೆ. ಹರಿಯದ ಕಡೆ ಕತ್ತಲೆ. ಕ್ಯಾಮೆರಾ ಎದೆಯ ಸುತ್ತ ಮೆಲ್ಲನೆ ತಿರುಗಿ ಒಂದು ಚಿತ್ರ ತೆಗೆಯಿತು. ಬಳಿಕ ಸಿ.ಟಿ. ಚಿತ್ರ, ಕೆಲವೇ ಸೆಕೆಂಡಿನ ಕೆಲಸ. ಮೈಯ ಮಾಂಸ ಮೂಳೆಗಳು ನುಂಗಿದ ಕಿರಣದ ಲೆಕ್ಕ ತುಂಬಿಕೊಡಲು ಇದು ಬೇಕು.

ತೊಡಕಿರುವುದು ಇಲ್ಲಿಯೇ. ಮೊದಲ ಚಿತ್ರದಲ್ಲಿ ಹಲವು ನಿಮಿಷಗಳ ಉಸಿರಾಟವೆಲ್ಲ ಕಲೆಸಿರುತ್ತದೆ, ಎರಡನೆಯದು ಕ್ಷಣದ್ದು. ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಹೃದಯದ ಗೋಡೆ ಹೋಗಿ ಶ್ವಾಸಕೋಶದ ಮೇಲೆ ಬೀಳುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಿರಣವನ್ನು ನುಂಗುವುದು ಕಡಿಮೆಯಲ್ಲವೆ? ಗಣಕಯಂತ್ರ ಅಲ್ಲಿ ಕಡಿಮೆಯೇ ತುಂಬಿಕೊಡುತ್ತದೆ. ಇಲ್ಲದ ರೋಗದ ಕಲೆ ಮೂಡುತ್ತದೆ!

ಹೃದಯ ಎದೆಯಲ್ಲಿ ಓರೆಯಾಗಿ ಕುಳಿತಿದೆ. ಅದರ ಅಕ್ಷವನ್ನು ಹಿಂದೆ ಮನುಷ್ಯರೇ ಗೆರೆ ಎಳೆದು ಗುರುತಿಸುತ್ತಿದ್ದರು. ಗಣಕಯಂತ್ರವೇ ಅದನ್ನು ಹುಡುಕಿ ಚಿತ್ರವನ್ನು ನೆಟ್ಟಗೆ ನಿಲ್ಲಿಸುವ ವಿಧಾನವೊಂದನ್ನು ಲಾಸ್ ಏಂಜಲಿಸ್‌ನ ಜರ್ಮಾನೋ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದರು. ಈಗ ಚಿತ್ರದ ಮೇಲೆ ಚಿತ್ರ ಕೂರಿಸುವುದನ್ನೂ ಯಂತ್ರಕ್ಕೆ ಒಪ್ಪಿಸಿದ್ದಾರೆ. ಅಪ್ಪನ ಚಿತ್ರಗಳನ್ನೂ ಅದೇ ಕೂರಿಸಿತು. ಹೃದಯದ ಪಕ್ಕದ ಗೋಡೆಯಲ್ಲಿ ದೊಡ್ಡದೊಂದು ಕಲೆ.

ಬಾಗಿಲಲ್ಲಿ ನಿಂತಿದ್ದ ನನ್ನ ಎದೆ ಧಸಕ್ಕೆಂದಿತು. ಯಂತ್ರದ ಮುಂದಿದ್ದ ನಡುವಯಸ್ಸಿನ ಹೆಂಗಸು ಮಾತ್ರ ತಲೆಯಾಡಿಸಿದರು. "ಲಿವರೂ ಇದೇ ಔಷಧ ಹೀರಿ ಹೊಳೆಯುತ್ತೆ. ಒಂದೊಂದು ಸಲ ಯಂತ್ರ ಅದನ್ನ ನೋಡಿ ಮೋಸಹೋಗುತ್ತಪ್ಪ" ಎನ್ನುತ್ತ, ಒಂದು ಚಿತ್ರವನ್ನು ಬೆರಳಗಲವೂ ಇಲ್ಲದಷ್ಟು ಸರಿಸಿ, ಮತ್ತೆ ಲೆಕ್ಕ ಹಾಕಿಸಿದರು. ಪಕ್ಕದ ಕಲೆ ಮಾಯವಾಯಿತು. ಕೆಳಗೆ ಇನ್ನೊಂದಿತ್ತು, ಸಣ್ಣದು. ಎಷ್ಟು ಸರಿಸಿದರೂ ಅದು ಹೋಗಲಿಲ್ಲ. ಇನ್ನೂ ಸ್ವಲ್ಪ ಸರಿಸಿ ಎಂದು ಕೇಳಬೇಕೆಂದು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಬಸ್ಸಿನಲ್ಲಿ ಅಪ್ಪ, "ಅಲ್ಲವೋ, ಕದಲಬೇಡಿ ಅಂದರು, ಕದಲಲಿಲ್ಲ. ಉಸಿರೂ ಆಡಬಾರದಿತ್ತೇನು?" ಎಂದರು. ನಾನು ನಕ್ಕೆ. ಉಳಿದ ಕಲೆಯ ಮಾತನ್ನು ಅವರಿಗೆ ಹೇಳಿದ್ದು ಊರು ತಲುಪಿದ ಮೇಲೆ, ಅಮ್ಮನ ಎದುರಿಗೆ.